ಮಕ್ಕಳ ಕಾಲೇಜು ಓದಿಗೆ ಸರ್ಕಾರದ ವಿದ್ಯಾರ್ಥಿವೇತನ: ಕೇಳುವುದು ಎಲ್ಲಿ, ಕೈತಪ್ಪುವುದು ಎಲ್ಲಿ



ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಒಂದೆರಡು ತಿಂಗಳು ಯಾವ ಸಂಘದ ಸಾಲದ ಪುಸ್ತಕ ತೆಗೆದು ನೋಡಿದರೂ ಕಾರಣ ಬರೆಯುವ ಜಾಗದಲ್ಲಿ ‘ಮಗಳ ಕಾಲೇಜು ಫೀಸು’, ‘ಮಗನ ಅಡ್ಮಿಷನ್’, ‘ಹಾಸ್ಟೆಲ್ ಡೆಪಾಸಿಟ್’ ಅಂತ ಸಾಲಾಗಿ ಕಾಣುತ್ತದೆ. ಸಂಘದಲ್ಲಿ ಸಾಲ ಸಿಕ್ಕಿದರೆ ಒಳ್ಳೆಯದೇ, ಬಡ್ಡಿಯವರ ಬಾಗಿಲಿಗೆ ಹೋಗುವುದು ತಪ್ಪಿತು. ಆದರೂ ಲೆಕ್ಕ ಲೆಕ್ಕವೇ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಇರುವ ಸಂಘದಲ್ಲಿ 20,000 ರೂಪಾಯಿ ಸಾಲಕ್ಕೆ ಮೊದಲ ತಿಂಗಳ ಬಡ್ಡಿಯೇ 400 ರೂಪಾಯಿ. ಡಿಗ್ರಿಯ ಒಂದೊಂದು ವರ್ಷಕ್ಕೂ ಹೀಗೆ ಸಾಲ ಎತ್ತುತ್ತಾ ಹೋದರೆ ಕೊನೆಯ ವರ್ಷಕ್ಕೆ ಬರುವ ಮೊದಲೇ ಮನೆಯಲ್ಲಿ ಮಾತು ಶುರುವಾಗುತ್ತದೆ: ‘ಇವಳು ಓದಿದ್ದು ಸಾಕು, ಇನ್ನು ತಮ್ಮನಾದರೂ ಓದಲಿ.’

ಅದೇ ಹುಡುಗಿಗೆ ಸರ್ಕಾರದಿಂದ ವಿದ್ಯಾರ್ಥಿವೇತನ ಸಿಗುತ್ತಿತ್ತು ಅಂತ ಆಮೇಲೆ ಗೊತ್ತಾಗುವುದು ಹೊಸದೇನಲ್ಲ. ‘ಸ್ಕಾಲರ್‌ಶಿಪ್‌ಗೆ ಹಾಕಿದ್ದೀರಾ?’ ಎಂದು ಸಭೆಯಲ್ಲಿ ಕೇಳಿದರೆ ಮೂರು ಥರದ ಉತ್ತರ ಬರುತ್ತದೆ. ‘ನಮಗೆಲ್ಲ ಎಲ್ಲಿ ಸಿಗ್ತದೆ ಅಕ್ಕ’ ಅನ್ನುವವರು ಕೆಲವರು. ‘ಕಾಲೇಜಿನವರೇ ಹಾಕಿರಬೇಕು’ ಅನ್ನುವವರು ಕೆಲವರು. ‘ಹಾಕಿದ್ವಿ, ಬರ್ಲಿಲ್ಲ’ ಅಂತ ಸುಮ್ಮನಾಗುವವರು ಇನ್ನು ಕೆಲವರು. ಈ ಪಾಠದಲ್ಲಿ ಈ ಮೂರು ಉತ್ತರಗಳನ್ನೇ ಹಿಡಿದುಕೊಂಡು ಹೋಗೋಣ. ಮೂರನೆಯದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಅರ್ಹತೆ ಇರುವವರ ದುಡ್ಡು ಕೈತಪ್ಪುವುದು ಅಲ್ಲೇ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ನಡುನಡುವೆ ನಿಲ್ಲಿಸಿ ಮಾತಾಡಿ.

‘ನಮಗೆಲ್ಲ ಎಲ್ಲಿ ಸಿಗ್ತದೆ?’

ವಿದ್ಯಾರ್ಥಿವೇತನ ಅಂದರೆ ಪರಿಶಿಷ್ಟರಿಗೆ ಮಾತ್ರ ಎಂದು ಕೆಲವರು, 90 ಪರ್ಸೆಂಟ್ ತೆಗೆದವರಿಗೆ ಮಾತ್ರ ಎಂದು ಕೆಲವರು ತಿಳಿದುಕೊಂಡಿದ್ದಾರೆ. ಎರಡೂ ಸರಿಯಲ್ಲ. ಮನೆಯ ಜಾತಿ ಸಮುದಾಯ ನೋಡಿ ಕೊಡುವುದು ಒಂದು ಬಗೆ. ತಂದೆ ತಾಯಿ ಮಾಡುವ ಕೆಲಸ ನೋಡಿ ಕೊಡುವುದು ಇನ್ನೊಂದು. ಮಗುವಿನ ಅಂಕ ನೋಡಿ ಕೊಡುವುದೂ ಉಂಟು, ಅಂಗವಿಕಲತೆಯಂಥ ಕಷ್ಟ ನೋಡಿ ಕೊಡುವುದೂ ಉಂಟು. ಒಂದು ದಾರಿ ಮುಚ್ಚಿದ್ದರೆ ಇನ್ನೊಂದು ತೆರೆದಿರಬಹುದು.

ಎಲ್ಲಕ್ಕಿಂತ ಹಳೆಯದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಸ್ವಾತಂತ್ರ್ಯ ಬರುವ ಮೊದಲೇ, 1944ರಲ್ಲಿ ಶುರುವಾದದ್ದು. ಕೇಂದ್ರದ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರಬಾರದು. ಕಾಲೇಜಿಗೆ ಕಟ್ಟಬೇಕಾದ, ವಾಪಸು ಬರದ ಫೀಸು ಒಂದು ಭಾಗ. ಪುಸ್ತಕ, ಬಸ್ಸು, ಊಟಕ್ಕೆಂದು ಕೊಡುವ ಭತ್ಯೆ ಇನ್ನೊಂದು ಭಾಗ. 2021ರ ಕೇಂದ್ರದ ಮಾರ್ಗಸೂಚಿಯಲ್ಲಿ ಈ ಭತ್ಯೆ ವರ್ಷಕ್ಕೆ 2,500ರಿಂದ 13,500 ರೂಪಾಯಿವರೆಗೆ ಇದೆ. ಮನೆಯಿಂದಲೇ ಪಿ.ಯು.ಸಿ., ಐ.ಟಿ.ಐ. ಅಥವಾ ಪಾಲಿಟೆಕ್ನಿಕ್‌ಗೆ ಹೋಗುವ ಮಗುವಿಗೆ 2,500, ಬಿ.ಎ., ಬಿ.ಕಾಂ.ಗೆ ಮನೆಯಿಂದ ಹೋದರೆ 3,000, ಹಾಸ್ಟೆಲಿನಲ್ಲಿದ್ದರೆ 6,000, ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸಿಗೆ ಹಾಸ್ಟೆಲಿನಲ್ಲಿದ್ದರೆ 13,500. ಪರಿಶಿಷ್ಟ ಪಂಗಡಕ್ಕೂ ಇದೇ ಥರದ ಯೋಜನೆ ಬೇರೆಯಾಗಿ ಇದೆ. ಇದಲ್ಲದೆ ಮೊದಲ ಸಲಕ್ಕೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಮಕ್ಕಳಿಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಪ್ರತ್ಯೇಕ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ವಿದ್ಯಾರ್ಥಿವೇತನ ಬಂದರೆ ಇದೂ ತಾನಾಗಿ ಬರುತ್ತದೆ ಅಂತ ಕಾದು ಕುಳಿತವರಿಗೆ ಅದು ಬರುವುದಿಲ್ಲ.

ಹಿಂದುಳಿದ ವರ್ಗದವರಿಗೆ, ಅಂದರೆ ಪ್ರವರ್ಗ-1, 2ಎ, 3ಎ, 3ಬಿ ಎಂದು ಸರ್ಟಿಫಿಕೇಟಿನಲ್ಲಿ ಬರೆದಿರುವವರಿಗೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ವಿದ್ಯಾರ್ಥಿವೇತನವನ್ನೂ ಶುಲ್ಕ ವಿನಾಯಿತಿಯನ್ನೂ ಕೊಡುತ್ತದೆ. ಹಾಸ್ಟೆಲಿಗೆ ಅರ್ಜಿ ಹಾಕಿ ಸೀಟು ಸಿಗದವರಿಗಾಗಿ ವಿದ್ಯಾಸಿರಿ ಇದೆ. 2013-14ರಲ್ಲಿ ಅದು ಶುರುವಾದಾಗ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಕೊಡಲಾಯಿತು. ಪೇಟೆಯಲ್ಲಿ ರೂಮು ಮಾಡಿಕೊಂಡು ಓದುವ ಮಗುವಿಗೆ ಇದು ಸಣ್ಣ ದುಡ್ಡಲ್ಲ. ಮುಸ್ಲಿಂ, ಕ್ರೈಸ್ತ, ಜೈನ ಮುಂತಾದ ಅಲ್ಪಸಂಖ್ಯಾತ ಸಮುದಾಯದ ಮಕ್ಕಳು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಯೋಜನೆಗಳನ್ನು ನೋಡಬೇಕು. ಬ್ರಾಹ್ಮಣ ಸಮುದಾಯದ ಬಡ ಮಕ್ಕಳಿಗೆ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಎಂಬ ವಿದ್ಯಾರ್ಥಿವೇತನ ಇದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪರಿಶಿಷ್ಟ ಜಾತಿ ಮೂಲದ ಕ್ರೈಸ್ತ ಕುಟುಂಬಗಳಿಗೆ 1950ರ ರಾಷ್ಟ್ರಪತಿ ಆದೇಶದ ಕಾರಣ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನ ಸಿಗುವುದಿಲ್ಲ. ಅದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ದೊಡ್ಡದು, ಇಲ್ಲಿ ಬೇಡ. ಆದರೆ ಕರ್ನಾಟಕದ ಪಟ್ಟಿಯಲ್ಲಿ ಇವರನ್ನು ಪ್ರವರ್ಗ-1ರಲ್ಲಿ ಸೇರಿಸಿದ್ದಾರೆ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ. ನಾಡಕಚೇರಿಯಲ್ಲಿ ಬರೀ ‘ಕ್ರಿಶ್ಚಿಯನ್’ ಎಂದು ಹೇಳಿ ಬಂದರೆ 3ಬಿ ಎಂದೇ ಬರೆದು ಕೊಡುತ್ತಾರೆ. ಪ್ರವರ್ಗ-1ಕ್ಕೆ ಇರುವ ಸೌಲಭ್ಯ ತಪ್ಪಿಹೋಗುತ್ತದೆ. ಅರ್ಜಿ ಕೊಡುವ ಮೊದಲೇ ಹಳೆಯ ದಾಖಲೆ ಹುಡುಕಿ ಇಟ್ಟುಕೊಳ್ಳಿ.

ಇನ್ನು ತಂದೆ ತಾಯಿಯ ಕೆಲಸ. ಇದನ್ನು ಮಾತ್ರ ನಮ್ಮ ಸದಸ್ಯೆಯರು ಬಹಳ ಮರೆಯುತ್ತಾರೆ. ಬೀಡಿ ಕಟ್ಟುವ ತಾಯಂದಿರೇ, ನಿಮ್ಮ ಹತ್ತಿರ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಲ್ಲ? ಆಸ್ಪತ್ರೆಗೆ ಹೋಗುವಾಗ ಮಾತ್ರ ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತೀರಿ. ಆ ಚೀಟಿಯ ಮೇಲೆ ನಿಮ್ಮ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಇದೆ. ಒಂದನೇ ತರಗತಿಗೆ ವರ್ಷಕ್ಕೆ 1,000 ರೂಪಾಯಿಯಿಂದ ಹಿಡಿದು, ಪಿ.ಯು.ಸಿ.ಗೆ 3,000, ಐ.ಟಿ.ಐ., ಪಾಲಿಟೆಕ್ನಿಕ್, ಡಿಗ್ರಿಗೆ 6,000, ವೃತ್ತಿಪರ ಕೋರ್ಸಿಗೆ 25,000. ಜಾತಿ ಕೇಳುವುದಿಲ್ಲ. ಕುಟುಂಬದ ತಿಂಗಳ ಆದಾಯ 10,000 ರೂಪಾಯಿ ಒಳಗಿರಬೇಕು, ಕನಿಷ್ಠ ಆರು ತಿಂಗಳು ಆ ಕೆಲಸದಲ್ಲಿರಬೇಕು. ತಾಯಿಯ ಚೀಟಿ ನಡೆಯುತ್ತದೆ, ಗಂಡನ ಹೆಸರಿನಲ್ಲೇ ಇರಬೇಕೆಂದಿಲ್ಲ.

ಗಾರೆ ಕೆಲಸ, ಕಲ್ಲು ಕಟ್ಟುವ ಕೆಲಸ, ಸೆಂಟ್ರಿಂಗ್, ಪೇಂಟಿಂಗ್ ಮಾಡುವವರಿಗೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದರೆ ಮಕ್ಕಳ ಓದಿಗೆ ಸಹಾಯಧನ ಕೇಳಬಹುದು. ಕಾರ್ಡು ನವೀಕರಣ ಆಗಿರಬೇಕು. ಅವಧಿ ಮುಗಿದ ಕಾರ್ಡು ತೋರಿಸಿ ಫಲವಿಲ್ಲ. ಗಂಡ ಮಿಲಿಟರಿಯಲ್ಲಿದ್ದು ನಿವೃತ್ತರಾದ ಮನೆಗಳಿಗೆ, ಕೊಡಗಿನ ಕಡೆ ಇಂಥವರು ಬಹಳ, ಮಾಜಿ ಸೈನಿಕರ ಮಕ್ಕಳಿಗಾಗಿ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಯೋಜನೆ ಇದೆ. 2019ರಿಂದ ಅದು ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ.

ಅಂಕದ ಮೇಲೆ ಕೊಡುವುದರಲ್ಲಿ ದೊಡ್ಡದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಾಗಿ ಇರುವ ಕೇಂದ್ರ ವಲಯದ ವಿದ್ಯಾರ್ಥಿವೇತನ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸಬರಿಗೆ ಕೊಡುತ್ತಾರೆ, ಅದರಲ್ಲಿ ಅರ್ಧ ಹುಡುಗಿಯರಿಗೆ ಮೀಸಲು. ಡಿಗ್ರಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದ ಒಳಗಿರಬೇಕು. ‘80 ಪರ್ಸೆಂಟೈಲ್’ ಬೇಕು ಅಂತ ನಿಯಮದಲ್ಲಿದೆ. ಇದನ್ನು 80 ಪರ್ಸೆಂಟ್ ಎಂದು ಓದಿ ಬಿಟ್ಟವರಿದ್ದಾರೆ. ಹಾಗಲ್ಲ. ಅದೇ ಬೋರ್ಡಿನಲ್ಲಿ ಅದೇ ವಿಭಾಗದಲ್ಲಿ ಪರೀಕ್ಷೆ ಬರೆದ ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ಇಪ್ಪತ್ತರಲ್ಲಿ ನಿಮ್ಮ ಮಗು ಇರಬೇಕು. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಕ್ಕೆ ಬೇರೆ ಬೇರೆ ಲೆಕ್ಕ. ಕಲಾ ವಿಭಾಗದ ಹುಡುಗಿಗೆ ವಿಜ್ಞಾನದವರ ಜೊತೆ ಪೈಪೋಟಿ ಇಲ್ಲ.

ಮಗಳು ಎಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಸೇರಿದ್ದರೆ ‘ಪ್ರಗತಿ’ ಎಂಬ ಹೆಸರನ್ನು ಬರೆದಿಟ್ಟುಕೊಳ್ಳಿ. ತಾಂತ್ರಿಕ ಶಿಕ್ಷಣ ಮಂಡಳಿ ಎ.ಐ.ಸಿ.ಟಿ.ಇ. ಹುಡುಗಿಯರಿಗೆಂದೇ ಕೊಡುವುದು, ವರ್ಷಕ್ಕೆ 50,000 ರೂಪಾಯಿ. ಆದಾಯದ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹುಡುಗಿಯರವರೆಗೆ ಸಿಗುತ್ತದೆ. ಮೊದಲ ವರ್ಷದಲ್ಲೇ ಹಾಕಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಆ ವರ್ಷ ಹಾಕಬೇಕು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವ ಮಕ್ಕಳಿಗೆ ಇದೇ ಥರದ್ದು ‘ಸಕ್ಷಮ್’, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ‘ಸ್ವನಾಥ್’. ನಮ್ಮ ಕಾಲೇಜು ಶಿಕ್ಷಣ ಇಲಾಖೆ ಡಿಗ್ರಿ ಓದುವ ಹುಡುಗಿಯರಿಗೆ ಕೊಡುವ ಒಂದು ವಿದ್ಯಾರ್ಥಿವೇತನಕ್ಕೆ ಸಂಚಿ ಹೊನ್ನಮ್ಮನ ಹೆಸರಿದೆ. ಮೈಸೂರು ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದವಳು ಓದಿ ಬರೆದು ಕವಿಯಾದಳು, ಹೆಸರು ಚೆನ್ನಾಗಿಯೇ ಹೊಂದುತ್ತದೆ.

ಒಂದು ಎಚ್ಚರಿಕೆ. ಯೋಜನೆಗಳು ಬದಲಾಗುತ್ತವೆ, ನಿಂತೂ ಹೋಗುತ್ತವೆ. ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2023-24ರಲ್ಲಿ ಅರ್ಜಿ ಕರೆಯಲೇ ಇಲ್ಲ. ಅಕ್ಕನಿಗೆ ಬಂದಿತ್ತು, ತಂಗಿಗೂ ಬರುತ್ತದೆ ಎಂದು ನಂಬಿ ಕಾದ ಮನೆಗಳವರು ಪೇಚಿಗೆ ಸಿಕ್ಕಿದರು. ಹಾಗಾಗಿ ಮೇಲೆ ಹೇಳಿದ ಮೊತ್ತ, ಆದಾಯದ ಮಿತಿ, ಕೊನೆಯ ದಿನಾಂಕ ಎಲ್ಲವನ್ನೂ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡೇ ಮುಂದುವರಿಯಿರಿ.

‘ಕಾಲೇಜಿನವರೇ ಹಾಕಿರಬೇಕು’

ಇಲ್ಲ. ಅರ್ಜಿ ಹಾಕಬೇಕಾದವರು ವಿದ್ಯಾರ್ಥಿಯೇ. ಕಾಲೇಜಿನವರು ಮಾಡುವುದು ಪರಿಶೀಲನೆ. ಹಿಂದೆ ಕಾಲೇಜಿನ ಆಫೀಸಿನಲ್ಲಿ ಫಾರಂ ತುಂಬಿಸಿಕೊಳ್ಳುತ್ತಿದ್ದರು, ಆ ಕಾಲದ ನೆನಪಿನಿಂದ ಈ ಮಾತು ಉಳಿದುಕೊಂಡಿದೆ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಬಾಗಿಲು ಎರಡು. ರಾಜ್ಯ ಸರ್ಕಾರದ್ದು ‘ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ’, ಎಸ್.ಎಸ್.ಪಿ. ಎನ್ನುತ್ತಾರೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಅಂಗವಿಕಲರ ಇಲಾಖೆ ಹೀಗೆ ಹಲವು ಇಲಾಖೆಗಳಿಗೆ ಇಲ್ಲಿ ಒಂದೇ ಅರ್ಜಿ. ಕೇಂದ್ರ ಸರ್ಕಾರದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಎನ್.ಎಸ್.ಪಿ. ಬೀಡಿ ಕಾರ್ಮಿಕರ ಮಕ್ಕಳದ್ದು, ಕೇಂದ್ರ ವಲಯದ್ದು, ಪ್ರಗತಿ, ಸಕ್ಷಮ್ ಎಲ್ಲ ಇಲ್ಲಿ. ಎನ್.ಎಸ್.ಪಿ.ಯಲ್ಲಿ 2024-25ರಿಂದ ಒಂದು ಸಲ ನೋಂದಣಿ ಮಾಡಿ ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ಖಾತ್ರಿ ಮಾಡಿಸಬೇಕು. ಕಿರಿಕಿರಿ ಅನ್ನಿಸಬಹುದು. ಆದರೆ 2023ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ 1,572 ಸಂಸ್ಥೆಗಳನ್ನು ತಪಾಸಣೆ ಮಾಡಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಡೆಯದೇ ಇರುವವು ಎಂದು ಕಂಡುಬಂದು ವಿಷಯ ಸಿ.ಬಿ.ಐ.ಗೆ ಹೋಯಿತು. ಕಾಗದದ ಮೇಲಿನ ಕಾಲೇಜಿಗೆ, ಇಲ್ಲದ ಮಕ್ಕಳ ಹೆಸರಿಗೆ ದುಡ್ಡು ಹೋದರೆ ನಿಜವಾದ ಮಗುವಿಗೆ ಉಳಿಯುವುದೇನು?

ಎರಡೂ ಕಡೆ ಅರ್ಜಿಗೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಗ್ರಾಮ ಒನ್ ಅಥವಾ ಸೈಬರ್ ಅಂಗಡಿಯವರು ತಮ್ಮ ಕೆಲಸಕ್ಕೆ ಕೇಳುವ ಕೂಲಿ ಬೇರೆ. ‘ಸ್ಕಾಲರ್‌ಶಿಪ್ ಪಾಸಾಗಿದೆ, ಓ.ಟಿ.ಪಿ. ಹೇಳಿ, ಇಷ್ಟು ಕಟ್ಟಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

‘ಹಾಕಿದ್ವಿ, ಬರ್ಲಿಲ್ಲ’

ಬರಲಿಲ್ಲ ಅಂದಾಗ ಯಾರೋ ತಿಂದರು ಎಂದು ಬೈದು ಬಿಟ್ಟುಬಿಡುತ್ತೇವೆ. ಆದರೆ ಇಲ್ಲಿ ಪತ್ತೆ ಮಾಡಬಹುದಾದ ಕಾರಣಗಳೇ ಹೆಚ್ಚು.

ಮೊದಲು ಬ್ಯಾಂಕಿನ ವಿಷಯ. ವಿದ್ಯಾರ್ಥಿವೇತನ ಈಗ ಖಾತೆ ನಂಬರಿಗಿಂತ ಆಧಾರ್ ನಂಬರನ್ನು ಹಿಡಿದುಕೊಂಡು ಬರುತ್ತದೆ. ನಿಮ್ಮ ಗೃಹಲಕ್ಷ್ಮಿ ದುಡ್ಡು ಬರುವ ದಾರಿಯೂ ಇದೇ. ಮಗುವಿನ ಆಧಾರ್ ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆಯೋ ಆ ಬ್ಯಾಂಕಿಗೇ ದುಡ್ಡು. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವಲ್ಲ ಅನ್ನುತ್ತೀರಿ. ಅದು ಗುರುತಿಗೆ ಕೊಟ್ಟದ್ದು. ಸೀಡಿಂಗ್ ಬೇರೆ. ಬ್ಯಾಂಕಿನಲ್ಲಿ ‘ಸರ್ಕಾರದ ದುಡ್ಡು ಬರಲು ಆಧಾರ್ ಸೀಡಿಂಗ್ ಮಾಡಿಕೊಡಿ, ಎನ್.ಪಿ.ಸಿ.ಐ. ಮ್ಯಾಪಿಂಗ್ ಆಗಬೇಕು’ ಎಂದು ಇದೇ ಮಾತಿನಲ್ಲಿ ಕೇಳಿ ಒಪ್ಪಿಗೆಯ ಫಾರಂಗೆ ಸಹಿ ಹಾಕಬೇಕು. ಒಂದು ಆಧಾರ್ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಸೀಡ್ ಆಗಿರುತ್ತದೆ. ಮಗ ಮೊಬೈಲ್ ಅಂಗಡಿಯಲ್ಲಿ ಸಿಮ್ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಿ ಯಾವುದೋ ಪೇಮೆಂಟ್ ಬ್ಯಾಂಕಿನ ಖಾತೆ ತೆರೆದಿರುತ್ತಾನೆ, ಸೀಡಿಂಗ್ ಅಲ್ಲಿಗೆ ಬದಲಾಗಿರುತ್ತದೆ. ದುಡ್ಡು ಬಂದಿರುತ್ತದೆ, ಆದರೆ ನೀವು ಪಾಸ್‌ಬುಕ್ ಎಂಟ್ರಿ ಮಾಡಿಸುವುದು ಬೇರೆ ಬ್ಯಾಂಕಿನಲ್ಲಿ! ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಥಿತಿ’ ಎಂಬಲ್ಲಿ ನೋಡಿದರೆ ಯಾವ ಬ್ಯಾಂಕು ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಖಾತೆಯಲ್ಲಿ ಎರಡು ವರ್ಷ ವ್ಯವಹಾರವೇ ಇಲ್ಲದಿದ್ದರೆ ಬ್ಯಾಂಕು ಅದನ್ನು ನಿಷ್ಕ್ರಿಯ ಮಾಡುತ್ತದೆ. ಶಾಲೆಯಲ್ಲಿದ್ದಾಗ ತೆರೆದ ಸೊನ್ನೆ ಬಾಕಿಯ ಖಾತೆಗಳಿಗೆ ಆಗುವುದು ಹೀಗೆ. ನೂರು ರೂಪಾಯಿ ಹಾಕಿ ತೆಗೆದು ಖಾತೆ ಜೀವಂತ ಇಡಿ.

ಆಮೇಲೆ ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಡಿಸೋಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಕೂಡಿಸಿ, ಒಂದು ಕಡೆ ಬಿಡಿಸಿ, ಒಂದು ಕಡೆ ನಡುವೆ ಚಿಹ್ನೆ ಹಾಕಿ ಬರೆದಿರುತ್ತಾರೆ. ಮನುಷ್ಯರಿಗೆ ಇದು ಒಂದೇ ಹೆಸರು, ಕಂಪ್ಯೂಟರಿಗೆ ಮೂರು ಜನ. ಅಂಕಪಟ್ಟಿ ತಿದ್ದಿಸುವುದು ದೂರದ ದಾರಿ. ಅಂಕಪಟ್ಟಿಯಲ್ಲಿ ಇರುವ ಹಾಗೆ ಆಧಾರನ್ನು ತಿದ್ದಿಸುವುದು ಸುಲಭ. ಆಧಾರಿನಲ್ಲಿ ಹೆಸರು ತಿದ್ದಲು ಇಡೀ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಆದ್ದರಿಂದ ಕಾಗುಣಿತವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ ತೋರಿಸಿ. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣು, ಫೋಟೊ ಹೊಸದಾಗಿ ಕೊಡಬೇಕು. ಅದನ್ನು ಮಾಡಿಸದ ಮಕ್ಕಳಿಗೆ ಅರ್ಜಿಯ ದಿನ ಹೆಬ್ಬೆಟ್ಟೂ ಹತ್ತುವುದಿಲ್ಲ, ಮುಖವೂ ಹೊಂದುವುದಿಲ್ಲ.

ಮೂರನೆಯದು ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಅರ್ಜಿಯಲ್ಲಿ ಕೇಳುವುದು ಅದರ ಮೇಲಿರುವ ಆರ್.ಡಿ. ನಂಬರು. ಆದಾಯ ಪತ್ರಕ್ಕೆ 5 ವರ್ಷ ಮಾತ್ರ ಬೆಲೆ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ರವರ ಜಾತಿ ಪತ್ರ ಜೀವನಪೂರ್ತಿ ನಡೆಯುತ್ತದೆ. ಉಳಿದವರದ್ದು ಜಾತಿಯೂ ಆದಾಯವೂ ಒಟ್ಟಿಗೆ 5 ವರ್ಷಕ್ಕೆ ಮುಗಿಯುತ್ತದೆ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿ ಮೊದಲ ವರ್ಷದ ನಡುವೆ ಸತ್ತುಹೋಗುತ್ತದೆ, ಲೆಕ್ಕ ಹಾಕಿ ನೋಡಿ. ಕೊನೆಯ ದಿನ ಗೊತ್ತಾದರೆ ನಾಡಕಚೇರಿಗೆ ಓಡಿದರೂ ಆಗುವುದಿಲ್ಲ, ಗ್ರಾಮಕರಣಿಕರ ವರದಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರು ಎಂದು ಅದಕ್ಕೆ ದಾರಿ ಇದೆ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯ ಪ್ರಕಾರ ಇಂತಿಷ್ಟು ದಿನದಲ್ಲಿ ಕೊಡಲೇಬೇಕು, ಆ ಚೀಟಿಯಲ್ಲಿರುವ ನಂಬರು ಇದ್ದರೆ ಮಾತ್ರ ‘ಯಾಕೆ ಆಗಿಲ್ಲ’ ಎಂದು ಕೇಳುವ ಧೈರ್ಯ.

ಮೊಬೈಲ್ ನಂಬರು ಸಣ್ಣ ಸಂಗತಿ ಅಂತ ಕಾಣುತ್ತದೆ. ಅಂಗಡಿಯವನು ತನ್ನದೇ ನಂಬರು ಹಾಕಿ ಅರ್ಜಿ ಮುಗಿಸುತ್ತಾನೆ, ಬಂದ ಸಂದೇಶವೆಲ್ಲ ಅವನ ಫೋನಿಗೆ. ಅರ್ಜಿಯಲ್ಲಿ ತಪ್ಪಿದ್ದರೆ ಕಾಲೇಜಿನವರು ‘ದೋಷ ಇದೆ’ ಎಂದು ವಾಪಸು ಕಳಿಸುತ್ತಾರೆ. ಇದು ತಿರಸ್ಕಾರವಲ್ಲ! ಗಡುವಿನ ಒಳಗೆ ತಿದ್ದಿ ಮತ್ತೆ ಕಳಿಸಿದರೆ ಆಯಿತು. ಆ ಸಂದೇಶ ಮನೆಗೆ ಬಂದು ಮುಟ್ಟದೇ ಇದ್ದರೆ ತಿದ್ದುವವರು ಯಾರು? ಅದಕ್ಕೇ ಮನೆಯವರ, ಅದೂ ರೀಚಾರ್ಜ್ ನಿಲ್ಲದ ನಂಬರನ್ನೇ ಕೊಡಿ. ಅರ್ಜಿಯ ಪ್ರಿಂಟ್, ಅರ್ಜಿ ನಂಬರು, ಪಾಸ್‌ವರ್ಡ್ ಮೂರನ್ನೂ ಅಂಗಡಿಯಿಂದ ಹೊರಡುವ ಮೊದಲು ಬರೆಸಿಕೊಳ್ಳಿ. ಹಾಕಿ ಹದಿನೈದು ದಿನಕ್ಕೆ ಮಗು ಕಾಲೇಜಿನ ಆಫೀಸಿಗೆ ಹೋಗಿ ‘ಸಾರ್, ನನ್ನ ಅರ್ಜಿ ವೆರಿಫೈ ಆಯ್ತಾ?’ ಎಂದು ಕೇಳಲಿ. ನೂರಾರು ಅರ್ಜಿಗಳ ನಡುವೆ ಒಂದು ಉಳಿದುಹೋಗುವುದು ಕಷ್ಟವೇನಲ್ಲ.

ಕೊನೆಗೆ, ಹೋದ ವರ್ಷ ಬಂದಿದೆ ಎಂದು ಈ ವರ್ಷ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ನವೀಕರಣ ಮಾಡಬೇಕು. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಬೇಕೆಂದಿದೆ. ಸಾಮಾನ್ಯವಾಗಿ ಒಂದೇ ಓದಿಗೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಎರಡಕ್ಕೆ ಅರ್ಹತೆ ಇದ್ದರೆ ಯಾವುದು ಹೆಚ್ಚು ಎಂದು ಕೂತು ಲೆಕ್ಕ ಹಾಕಿ ಆರಿಸಿ. ಬೀಡಿ ಚೀಟಿಯ 6,000 ಮತ್ತು ಕೇಂದ್ರ ವಲಯದ 12,000 ಎರಡೂ ಎದುರಿಗಿದ್ದರೆ ಯಾವುದೆಂದು ಹೇಳಬೇಕಾಗಿಲ್ಲ.

ಬಂದ ದುಡ್ಡು ಯಾವುದಕ್ಕೆ?

ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನ ಎರಡು ಕಂತಿನಲ್ಲಿ ಬಂದರೆ ಗಾಬರಿ ಬೇಡ. 2021-22ರಿಂದ ರಾಜ್ಯದ ಪಾಲು 40, ಕೇಂದ್ರದ ಪಾಲು 60. ರಾಜ್ಯದ್ದು ಮೊದಲು, ಅದು ಹೋದ ಮೇಲೆ ಕೇಂದ್ರದ್ದು ನೇರ ಮಗುವಿನ ಖಾತೆಗೆ. ನಡುವೆ ತಿಂಗಳುಗಟ್ಟಲೆ ಅಂತರ ಬೀಳುವುದುಂಟು. ಹಾಗೆ ಖಾತೆಗೆ ಬಂದ ಒಟ್ಟು ದುಡ್ಡಿನಲ್ಲಿ ಫೀಸಿನ ಭಾಗ ಕಾಲೇಜಿನದ್ದು, ಭತ್ಯೆಯ ಭಾಗ ಮಾತ್ರ ಮಗುವಿನದ್ದು. ಒಂದೇ ಸಲ ಇಪ್ಪತ್ತು ಮೂವತ್ತು ಸಾವಿರ ಕಂಡಾಗ ಮನೆಯ ಹಂಚು ನೆನಪಾಗುತ್ತದೆ, ಮದುವೆ ಮುಯ್ಯಿ ನೆನಪಾಗುತ್ತದೆ. ಆ ದುಡ್ಡು ಖರ್ಚಾದರೆ ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನವರು ಬಾಕಿ ಕೇಳುತ್ತಾರೆ, ಮಗು ಹಾಲ್ ಟಿಕೆಟ್‌ಗಾಗಿ ಆಫೀಸಿನ ಎದುರು ನಿಲ್ಲಬೇಕಾಗುತ್ತದೆ. ಗಂಡಂದಿರಿಗೂ ಈ ವಿಷಯ ಮೊದಲೇ ಹೇಳಿಟ್ಟಿರಿ.

ದುಡ್ಡು ಬರುವುದು ಕಾಲೇಜು ಶುರುವಾಗಿ ಎಷ್ಟೋ ತಿಂಗಳ ಮೇಲೆ. ಅಲ್ಲಿವರೆಗೆ ಫೀಸು ಕಟ್ಟುವುದಕ್ಕೆ ಸಂಘದ ಸಾಲ ಉಪಯೋಗವೇ. ಆದರೆ ಸಾಲದ ಅರ್ಜಿಯ ಜೊತೆ ವಿದ್ಯಾರ್ಥಿವೇತನದ ಅರ್ಜಿಯ ಪ್ರತಿಯನ್ನೂ ಇಡಬೇಕು, ದುಡ್ಡು ಬಂದ ಕೂಡಲೇ ಆ ಸಾಲಕ್ಕೆ ಕಟ್ಟಬೇಕು ಎಂದು ಸಂಘದಲ್ಲಿ ನಿರ್ಣಯ ಬರೆದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಅರ್ಜಿ ಹಾಕದವರು ಹಾಕುತ್ತಾರೆ, ಸಾಲವೂ ಬೇಗ ತೀರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲ ಬೇರೆ ವಿಷಯ, ಅದು ತೀರಿಸಬೇಕಾದ ಸಾಲ. ಅದಕ್ಕೆ ಇನ್ನೊಂದು ಪಾಠವೇ ಬೇಕು.

ಮುಂದಿನ ಸಭೆಗೆ

ಕಾರ್ಯದರ್ಶಿಯವರು ಒಂದು ನೋಟ್‌ಬುಕ್ ತರಲಿ. ಒಂಬತ್ತನೇ ತರಗತಿಯಿಂದ ಮೇಲೆ ಓದುವ, ಸದಸ್ಯೆಯರ ಮನೆಯ ಎಲ್ಲ ಮಕ್ಕಳ ಹೆಸರು ಅದರಲ್ಲಿ ಬರಲಿ. ಒಬ್ಬೊಬ್ಬ ಮಗುವಿಗೆ ಒಂದು ಪುಟ. ಜಾತಿ ಆದಾಯ ಪತ್ರದ ದಿನಾಂಕ, ಆಧಾರ್ ಸೀಡಿಂಗ್ ಆಗಿರುವ ಬ್ಯಾಂಕಿನ ಹೆಸರು, ಎಸ್.ಎಸ್.ಎಲ್.ಸಿ.ಯಲ್ಲೂ ಆಧಾರಿನಲ್ಲೂ ಹೆಸರು ಒಂದೇ ಇದೆಯೇ, ಮನೆಯಲ್ಲಿ ಬೀಡಿ ಅಥವಾ ಕಟ್ಟಡ ಕಾರ್ಮಿಕರ ಕಾರ್ಡು ಇದೆಯೇ, ಅಂಗವಿಕಲರ ಯು.ಡಿ.ಐ.ಡಿ. ಕಾರ್ಡು ಇದೆಯೇ, ಇಷ್ಟು ಬರೆದರೆ ಸಾಕು. ಆಧಾರ್ ನಂಬರು, ಪಾಸ್‌ವರ್ಡ್ ಮಾತ್ರ ಸಂಘದ ಪುಸ್ತಕದಲ್ಲಿ ಬರೆಯಬೇಡಿ, ಅದು ಮನೆಯಲ್ಲೇ ಇರಲಿ. ಕಾಲೇಜು ಓದುವ ಹುಡುಗಿಯೊಬ್ಬಳನ್ನು ಸಭೆಗೆ ಕರೆದರೆ ಅವಳೇ ಫೋನಿನಲ್ಲಿ ಒಬ್ಬೊಬ್ಬರದ್ದು ನೋಡಿ ಹೇಳಿಯಾಳು.

ಸಭೆಯಲ್ಲಿ ಮಾತಾಡಲು: ನಮ್ಮ ಸಂಘದಲ್ಲಿ ಕಳೆದ ವರ್ಷ ಫೀಸಿಗೆ ಸಾಲ ಪಡೆದವರು ಎಷ್ಟು, ಅವರಲ್ಲಿ ವಿದ್ಯಾರ್ಥಿವೇತನಕ್ಕೆ ಹಾಕಿದವರು ಎಷ್ಟು? ಯಾರ ಮನೆಯ ಆದಾಯ ಪತ್ರ ಈ ವರ್ಷ ಮುಗಿಯುತ್ತದೆ? ನಾಡಕಚೇರಿಗೆ ಒಬ್ಬೊಬ್ಬರೇ ಹೋಗುವ ಬದಲು ಒಟ್ಟಿಗೆ ಹೋಗುವ ದಿನ ಯಾವುದು? ದಿನ ಗೊತ್ತು ಮಾಡಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಕಾರ್ಯಕರ್ತೆ ಬಂದಾಗ ತೋರಿಸಿ.